ನಮ್ಮನೆ ಹೈದ ಉಂಡಿಲ್ಲ

ಹೋದ ವಾರ ಕ್ಯಾಲ್ಗರಿಯಿಂದ ನಮ್ಮ ಓನರ್ರ ಮಗಳು ಫೋನ್ ಮಾಡಿದ್ದಳು. "ಅಕ್ಕಾ, ಅಪ್ಪಂಗೆ ಊಟದಲ್ಲಿ ತುಂಬಾ ಇಷ್ಟ ಏನಿತ್ತು? ಇದು ಫಸ್ಟ್ ಇಯರ್ ಎಡೆ. ಅಮ್ಮನ್ನ ಕೇಳಿದ್ರೆ ಬರೀ ಅಳ್ತಾಳೆ. ಐ ಡೋಂಟ್ ವಾಂಟ್ ಟು ಗೆಟ್ ಇಟ್ ರಾಂಗ್." ನಾನು ಒಂದು ಕ್ಷಣವೂ ಯೋಚಿಸದೆ ಹೇಳಿದೆ: "ಏನು ಬೇಕಾದ್ರೂ ಇಡಮ್ಮ. ನಿಮ್ಮಪ್ಪ ತಿನ್ನದೇ ಇರೋಂಥ ಪದಾರ್ಥ ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ." ಅವಳು ನಕ್ಕಳು, ನಾನೂ ನಕ್ಕೆ. ಫೋನಿಟ್ಟ ಮೇಲೆ ನನಗೆ ಅಳು ಬಂತು. ಅತ್ತು ಮುಗಿಸಿ ಇದನ್ನು ಬರೆಯಲು ಕೂತಿದ್ದೇನೆ.

ಓನರ್ ಅಂದರೆ ಮನೆ ಓನರ್. ಅದೇ ದೇಶದ ಪೂರ್ವದ ಕಡೆಯ ಎಟೋಬಿಕೋಕಿನಲ್ಲಿ ಅವರ ಹಳೇ ಇಟ್ಟಿಗೆ ಮನೆಯ ಬೇಸ್‌ಮೆಂಟಿನಲ್ಲಿ ಆರು ವರ್ಷ ಬಾಡಿಗೆಗಿದ್ದೆ. ಹೆಸರು ಹಿಡಿದು ಕರೆಯುವ ಧೈರ್ಯ ಬರಲಿಲ್ಲ, ಅಂಕಲ್ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು, ಹಾಗಾಗಿ ಓನರ್ರು ಅಂತಲೇ ಉಳಿದರು. ಮಂಡ್ಯದ ಕಡೆಯವರು. ಐದಡಿ ಮೂರಂಗುಲ ಎತ್ತರ, ಅದಕ್ಕೆ ತಕ್ಕುದಲ್ಲದ ದೊಡ್ಡ ಮೀಸೆ. ವಿಮಾನಗಳ ಚಕ್ರದ ಕಾಲು ತಯಾರಿಸುವ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರಾಗಿದ್ದು ರಿಟೈರಾಗಿದ್ದರು. ಫ್ಯಾಕ್ಟರಿ ಬಿಟ್ಟರೂ ಇನ್‌ಸ್ಪೆಕ್ಷನ್ ಬಿಟ್ಟಿರಲಿಲ್ಲ. ಜಗತ್ತಿನಲ್ಲಿರುವುದೆಲ್ಲ ಅವರ ಲೆಕ್ಕದಲ್ಲಿ ಮೂರೇ ಬಗೆ: ಪಾಸು, ರಿಜೆಕ್ಟು, ರೀವರ್ಕು. ನಾನು ಬಾಡಿಗೆಗೆ ಬಂದ ಮೊದಲ ವಾರ ವಿನಯದಿಂದ ಒಂದು ಡಬ್ಬಿ ಸಾರು ಮೇಲಕ್ಕೆ ಕಳಿಸಿದ್ದೆ. ಡಬ್ಬಿ ತೊಳೆದು ವಾಪಸ್ಸು ಬಂತು, ಮೇಲೆ ಒಂದು ಹಳದಿ ಚೀಟಿ ಅಂಟಿಸಿತ್ತು: "ರೀವರ್ಕು. ಉಪ್ಪು." ಅವತ್ತೇ ಮನೆ ಬದಲಾಯಿಸಬೇಕಿತ್ತು, ಆದರೆ ಬೇರೆ ಕಡೆ ಇಷ್ಟು ಹತ್ತಿರದಲ್ಲಿ ಬಸ್ ಸ್ಟಾಪಿರಲಿಲ್ಲ.

ಆ ಮನೆಯನ್ನು ಅವರು ಕೊಂಡ ವರ್ಷವೇ ಬೇಸ್‌ಮೆಂಟಿನಲ್ಲಿ, ಮನೆ ಬಿಸಿ ಮಾಡುವ ಫರ್ನೇಸಿನ ಹಿಂದೆ, ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಫೋಟೋ ಸಿಕ್ಕಿತ್ತಂತೆ. ಮಹಾಯುದ್ಧದ ಕಾಲದ ವಾಯುಪಡೆಯ ಟೋಪಿ ಸ್ವಲ್ಪ ಓರೆಯಾಗಿಟ್ಟುಕೊಂಡ ಹುಡುಗ. ನಗು ತಡೆದುಕೊಳ್ಳುತ್ತಾ ಫೋಟೋಗೆ ನಿಂತಂತಿದ್ದ, ಕಿವಿ ಎರಡೂ ಟೋಪಿಗಿಂತ ಅಗಲ. ಹಿಂದೆ ಪೆನ್ಸಿಲ್ಲಿನಲ್ಲಿ ಅವನ ಹೆಸರು, ಬಾಂಬರ್ ವಿಮಾನದ ಬಾಲದ ಗನ್ನರ್ ಎಂಬ ವಿವರ, ಸೆರೆಸಿಕ್ಕ ಊರು, ಕೊನೆಗೆ "ಸೆರೆಯಲ್ಲೇ ತೀರಿಕೊಂಡ, ವಯಸ್ಸು ಇಪ್ಪತ್ತು" ಅಂತ. ಅಕ್ಷರ ತಾಯಿಯದಿರಬೇಕು. ಅವಳು ಇದೇ ಮನೆಯಲ್ಲಿ ಮುದುಕಿಯಾಗಿ ಸತ್ತಿದ್ದಳು. ಓನರ್ರು ಫೋಟೋ ವಾಪಸ್ಸು ಕೊಡಲು ಮನೆ ಮಾರಿಸಿದ ಏಜೆಂಟನ್ನು ಹಿಡಿದರು. ಇದ್ದವಳೊಬ್ಬಳು ಮಗಳು, ಮದುವೆಯಾಗಿ ಪಶ್ಚಿಮದ ಕಡೆ ಹೋಗಿದ್ದಾಳೆ, ವಿಳಾಸ ಬದಲಾಗಿದೆ ಎಂದ. ಬರೆದ ಕಾಗದ ಎರಡೂ ತಿರುಗಿ ಬಂದವು.

ಅಷ್ಟರಲ್ಲಿ ಪಿತೃಪಕ್ಷ ಬಂತು. ನಮ್ಮ ಬಸವನಗುಡಿಯ ಮನೆಯಲ್ಲಿ ತಿಥಿ ಅಂದರೆ ಮಡಿ, ಹಸಿವು, ಎಲ್ಲರ ಮುಖವೂ ಗಂಟು. ಅವರ ಕಡೆ ಅದು ಸತ್ತವರಿಗೆ ಕೊಡುವ ಔತಣ. ಫೋಟೋಗಳನ್ನು ಸಾಲಾಗಿಟ್ಟು, ಹೊಸ ಬಟ್ಟೆ ಮಡಗಿ, ಒಬ್ಬೊಬ್ಬರ ಮುಂದೂ ಎಲೆ ಹಾಕಿ, ಬದುಕಿದ್ದಾಗ ಯಾರಿಗೆ ಏನು ಇಷ್ಟವೋ ಅದನ್ನೇ ಎಡೆ ಇಡಬೇಕು. ಮಟನ್ ಸಾರು, ಮುದ್ದೆ, ವಡೆ, ಬೇಕಾದವರಿಗೆ ಬೀಡಿ, ಬೇಕೇ ಬೇಕಾದವರಿಗೆ ಬ್ರಾಂದಿ. ಮೊದಲ ವರ್ಷ ಓನರ್ರು ತಮ್ಮ ಅಪ್ಪ, ಅವ್ವ, ಚಿಕ್ಕಪ್ಪ, ಅತ್ತೆ ನಾಲ್ವರಿಗೂ ಎಲೆ ಹಾಕಿದಾಗ ಅವರ ಹೆಂಡತಿ, ನಮ್ಮ ಆಂಟಿ, ತಡೆದರಂತೆ. "ಈ ಮನೇವ್ನು ಕೆಳಗಡೆ ಒಬ್ನೇ ಕುಂತವ್ನೆ. ಅವ್ನ ಬುಟ್ಟು ನಮ್ಮೋರ್ಗೆ ಮಾತ್ರ ಬಡಿಸಿದ್ರೆ ಪಂಕ್ತಿಭೇದ ಆಗಾಕಿಲ್ವಾ?" ಓನರ್ರು ಅದಕ್ಕೆ ಇಪ್ಪತ್ತು ವರ್ಷದ ಹೈದ ಹೆಂಗೆ ಹಿರೀಕ ಆಗ್ತಾನೆ ಎಂದರಂತೆ. "ಸತ್ಮೇಲೆ ಎಲ್ರೂ ಹಿರೀಕ್ರೇ ಕಣ್ ಬನ್ನಿ," ಎಂದು ಆಂಟಿ ಐದನೇ ಎಲೆ ಹಾಕಿಯೇಬಿಟ್ಟರು. ಅವತ್ತಿನಿಂದ ಆ ಹುಡುಗ ನಮ್ಮನೆ ಹೈದನಾದ.

ನಾನು ಮೊದಲ ಸಲ ಎಡೆ ನೋಡಿದ್ದು ಬಾಡಿಗೆಗೆ ಬಂದ ವರ್ಷದ ಸೆಪ್ಟೆಂಬರಿನಲ್ಲಿ. ಸೊಪ್ಪು ತಿನ್ನುವವಳು ಅಂತ ನನಗೆ ವಡೆಯ ಜವಾಬ್ದಾರಿ ಮಾತ್ರ ಕೊಟ್ಟಿದ್ದರು. ಓನರ್ರು ಫೋಟೋಗಳನ್ನು ಒಮ್ಮೆ ಹೀಗೆ ಒಮ್ಮೆ ಹಾಗೆ ಇಟ್ಟು ಒದ್ದಾಡುತ್ತಿದ್ದರು. ಏನು ತೊಂದರೆ ಎಂದೆ. "ಅಪ್ಪಂಗೆ ಇಂಗ್ಲಿಷ್ ಬರಾಕಿಲ್ಲ, ಹೈದಂಗೆ ಕನ್ನಡ ಬರಾಕಿಲ್ಲ. ಪಕ್ಕಪಕ್ಕ ಕೂರ್ಸಿದ್ರೆ ಮೂಗ್ರಂಗೆ ಕುಂತಿರ್ತಾರೆ ಕಣವ್ವ." ಕೊನೆಗೆ ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದ ಚಿಕ್ಕಪ್ಪನನ್ನು ಇಬ್ಬರ ಮಧ್ಯೆ ಕೂರಿಸಿದರು. ಆಮೇಲೆ ಹೈದನ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮುದ್ದೆ ತೋರಿಸಿ, ಫೋಟೋಗೆ ಗಂಭೀರವಾಗಿ ಹೇಳಿದರು: "ಡೋಂಟ್ ಚ್ಯೂ. ಓನ್ಲಿ ಸ್ವಾಲೋ. ಚಿಕ್ಕಪ್ಪ ವಿಲ್ ಶೋ ಯೂ." ನಾನು ನಗು ತಡೆಯಲಾರದೆ ಅಡಿಗೆಮನೆಗೆ ಓಡಿದೆ. ಅಲ್ಲಿ ಆಂಟಿ ಮೊದಲೇ ಸೆರಗು ಬಾಯಿಗಿಟ್ಟು ನಿಂತಿದ್ದರು.

ಎಡೆ ಇಟ್ಟು ಸಾಂಬ್ರಾಣಿ ಹಾಕಿದ ಮೇಲೆ ಬದುಕಿರುವವರೆಲ್ಲ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಸತ್ತವರು ಬಂದು ಸಂಕೋಚವಿಲ್ಲದೆ ಉಣ್ಣಲಿ ಅಂತ. ಹತ್ತು ನಿಮಿಷ ಬಿಟ್ಟು, ಮೂರು ಸಲ ಚಪ್ಪಾಳೆ ತಟ್ಟಿ ಒಳಗೆ ಬರಬೇಕು. ಊರಲ್ಲಾದರೆ ಜಗಲಿ ಮೇಲೆ ಕೂತು ಹರಟಬಹುದು. ಎಟೋಬಿಕೋಕಿನಲ್ಲಿ ಡ್ರೈವ್‌ವೇಯಲ್ಲಿ ಕಾರಿನ ಪಕ್ಕ ನಿಂತು ನಡುಗಬೇಕು. ನಾಯಿ ಸುತ್ತಾಡಿಸುವ ನೆರೆಯವರು ವರ್ಷವೂ ಕೇಳುತ್ತಿದ್ದರು, ಬೀಗದ ಕೈ ಒಳಗೆ ಬಿಟ್ಟಿರಾ ಅಂತ. ಒಂದು ವರ್ಷ ನಾವು ಸ್ಮೋಕ್ ಅಲಾರಮ್ಮಿನ ಬ್ಯಾಟರಿ ತೆಗೆಯುವುದನ್ನು ಮರೆತೆವು. ಸಾಂಬ್ರಾಣಿ ಹೊಗೆಗೆ ಅದು ಅರಚಲು ಶುರು ಮಾಡಿತು. ಯಾರೋ ಫೋನ್ ಮಾಡಿರಬೇಕು, ಅಗ್ನಿಶಾಮಕದ ಗಾಡಿ ಬಂತು. ಆರಡಿಯ ಆಸಾಮಿಯೊಬ್ಬ ಕೊಡಲಿ ಹಿಡಿದು ಬಾಗಿಲಿಗೆ ಬಂದರೆ ಓನರ್ರು ಎರಡೂ ಕೈ ಅಗಲಿಸಿ ಅಡ್ಡ ನಿಂತರು.

"ಒಳಗೆ ಯಾರಾದರೂ ಇದ್ದಾರಾ?" ಎಂದು ಅವನು ಕೇಳಿದ.

"ಐದು ಜನ ಇದ್ದಾರೆ ಸರ್," ಎಂದರು ಓನರ್ರು.

"ಮೊದಲು ಅವರನ್ನು ಹೊರಗೆ ಕರೆಯಿರಿ!"

"ಬರಲ್ಲ ಸರ್. ಊಟ ಮಾಡ್ತಿದಾರೆ."

ಅವನು ನನ್ನ ಕಡೆ ನೋಡಿದ. ನಾನು ಎರಡು ಡಿಗ್ರಿ ಮಾಡಿರುವ ಸಾಫ್ಟ್‌ವೇರ್ ಟೆಸ್ಟರ್. ಏನು ಹೇಳಲಿ? "ಅವರೆಲ್ಲ ಈಗಾಗಲೇ ಸತ್ತಿದ್ದಾರೆ," ಎಂದೆ. ಸಮಾಧಾನ ಮಾಡಲು ಹೇಳಿದ ಮಾತು ಅದು. ಅವನು ಬಾಗಿಲನ್ನು ಬಹುತೇಕ ಒಡೆದೇಬಿಟ್ಟಿದ್ದ. ಆಮೇಲೆ ಎಲ್ಲ ತಿಳಿದು, ಹೋಗುವಾಗ ಇಬ್ಬರು ಎರಡೆರಡು ವಡೆ ತಿಂದು ಹೋದರು. ಬ್ಯಾಟರಿ ತೆಗೆಯುವ ಕೆಲಸ ಅವತ್ತಿನಿಂದ ನನ್ನದಾಯಿತು.

ಬಾಗಿಲು ತೆರೆದ ಮೇಲೆ ಇನ್‌ಸ್ಪೆಕ್ಷನ್. ಸತ್ತವರು ಉಂಡರೆ ಅಡಿಗೆಯ ರುಚಿ ಒಂದು ಗುಲಗಂಜಿಯಷ್ಟು ಇಳಿದಿರುತ್ತದೆ ಅನ್ನುವುದು ಓನರ್ರ ನಂಬಿಕೆ. ಒಂದೊಂದು ಎಲೆಯಿಂದಲೂ ಚೂರು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಿದ್ದರು. "ಅಪ್ಪ, ಪಾಸು. ಅವ್ವ, ಪಾಸು. ಚಿಕ್ಕಪ್ಪ ಬ್ರಾಂದಿ ಮಾತ್ರ ಕುಡ್ದವ್ನೆ, ಪಾಸು." ಐದನೇ ಎಲೆಗೆ ಬಂದಾಗ ಮುಖ ಸಣ್ಣದಾಗುತ್ತಿತ್ತು. "ಹೈದ ಮುಟ್ಟೇ ಇಲ್ಲ." ಪ್ರತಿ ವರ್ಷವೂ ಅದೇ ತೀರ್ಪು.

ಅವನಿಗೆ ಏನು ಇಷ್ಟ ಅಂತ ಗೊತ್ತಿಲ್ಲದ್ದೇ ತೊಂದರೆ ಎಂದು ಓನರ್ರು ತೀರ್ಮಾನಿಸಿದ್ದರು. ನಾನು ಬರುವ ಮೊದಲೇ ಪಿಜ್ಜಾ, ಕರಿದ ಕೋಳಿ, ಹಾಟ್‌ಡಾಗು ಎಲ್ಲ ಆಗಿತ್ತು. ನಾನಿದ್ದ ಕಾಲದಲ್ಲಿ ಒಂದು ಡಜನ್ ಡೋನಟ್ಟು, ಡಬಲ್ ಕ್ರೀಮ್ ಕಾಫಿ, ಕೆಚಪ್ ಚಿಪ್ಸು, ಆಪಲ್ ಪೈ. ಹಳೇ ಸೈನಿಕರು ಸೇರುವ ಒಂದು ಹಾಲಿಗೆ ಹೋಗಿ, ಆ ಕಾಲದ ಹುಡುಗರು ಏನು ತಿನ್ನುತ್ತಿದ್ದರು ಎಂದು ವಿಚಾರಿಸಿದರು. ಅಲ್ಲಿದ್ದವರೆಲ್ಲ ಒಕ್ಕೊರಲಿನಿಂದ ಬಿಯರ್ ಎಂದರು. ಸರಿ, ಬಿಯರ್ ಬಂತು. ಇಷ್ಟು ಸಣ್ಣ ಹುಡುಗನಿಗೆ ಕುಡಿಸುವುದಾ ಎಂದು ಆಂಟಿ ರೇಗಿದರು. "ಬಾಂಬ್ ಹಾಕಾಕೆ ವಯಸ್ಸಾಗಿತ್ತಲ್ಲ, ಬಿಯರ್‌ಗೆ ಆಗಿಲ್ವಾ?" ಎಂದು ಓನರ್ರು ತಿರುಗಿ ರೇಗಿದರು. ಅದನ್ನೂ ಅವನು ಮುಟ್ಟಲಿಲ್ಲ.

ಒಂದು ಸಲ ನನಗೆ ತಡೆಯದೆ ಕೇಳಿಯೇಬಿಟ್ಟೆ. "ಯಾರೋ ಏನೋ, ನೀವ್ಯಾಕೆ ಇಷ್ಟು ಹಚ್ಕೊಂಡಿದೀರಿ?" ಓನರ್ರು ಅಡಿಗೆಮನೆಯ ಕಿಟಕಿ ತೋರಿಸಿದರು. "ಇಲ್ಲೇ ಕುಂತ್ಕಂಡು ಅವ್ರವ್ವ ಅಂಚೆಯವ್ನ ದಾರಿ ನೋಡಿರ್ತಾಳೆ. ಹೈದ ಬಾಂಬರ್ ಬಾಲದಾಗೆ ಹಿಂದ್ಕೆ ಮೊಕ ಮಾಡ್ಕಂಡು ಕುಂತು ಹೋದೋನು, ಬಂದ ದಾರೀನೇ ನೋಡ್ಕಂಡು. ಜೈಲ್ನಾಗೆ ಹಸ್ಕಂಡು ಸತ್ತ. ಈಗ ಅವ್ರವ್ವನ ಅಡಿಗೆಮನೇಲೇ ನಾವು ದಿನಾ ಮೂರೊತ್ತು ಬೇಯಿಸ್ಕಂಡು ತಿಂತೀವಿ, ಅವ್ನು ಇಲ್ಲೂ ಉಪಾಸ ಅಂದ್ರೆ ನನ್ಗೆ ಗಂಟ್ಲಾಗೆ ಇಳಿಯಾಕಿಲ್ಲ ಕಣವ್ವ." ಇಳಿಯದ್ದೇನೂ ನಾನು ಕಂಡಿರಲಿಲ್ಲ, ಆದರೆ ಅವತ್ತು ಛೇಡಿಸುವ ಮನಸ್ಸಾಗಲಿಲ್ಲ.

ಇದರ ಜೊತೆಗೆ ನವೆಂಬರಿನದೊಂದು ಕಥೆ ಇತ್ತು. ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ ಇಲ್ಲಿ ಎಲ್ಲರೂ ಕೋಟಿಗೆ ಕೆಂಪು ಗಸಗಸೆ ಹೂ ಸಿಕ್ಕಿಸಿಕೊಂಡು ಸ್ಮಾರಕದ ಮುಂದೆ ಸೇರುತ್ತಾರೆ. ನಮ್ಮ ಬಡಾವಣೆಯ ಪಾರ್ಕಿನಲ್ಲೂ ಒಂದು ಪುಟ್ಟ ಕಲ್ಲಿದೆ, ಅದರಲ್ಲಿ ಹೈದನ ಹೆಸರಿದೆ. ಓನರ್ರು ಮೊದಲ ಸಲ ಹೋದಾಗ ಸ್ವಯಂಸೇವಕಿಯೊಬ್ಬಳು, ನೀವು ಕುಟುಂಬದವರಾ ಎಂದು ಕೇಳಿದಳಂತೆ. ಇವರು ಆ ಹೆಸರಿನ ಮೇಲೆ ಬೆರಳಿಟ್ಟು ಹೌದು ಎಂದರಂತೆ. ಅಲ್ಲಿಂದ ಮುಂದೆ ಪ್ರತಿ ವರ್ಷ ಮೊದಲ ಸಾಲಿನ ಕುರ್ಚಿ, ಕೈಗೊಂದು ಹೂವಿನ ಚಕ್ರ, ಮೈಕಿನಲ್ಲಿ "ಈಗ ಕುಟುಂಬದ ಪರವಾಗಿ" ಎಂಬ ಘೋಷಣೆ. ನಾನೊಂದು ವರ್ಷ ಜೊತೆಗೆ ಹೋಗಿದ್ದೆ. ಕಲ್ಲಿನ ಪಕ್ಕದಲ್ಲಿ ಸತ್ತವರ ಫೋಟೋಗಳಿದ್ದ ಬೋರ್ಡಿತ್ತು, ಹೈದನದು ಓನರ್ರೇ ಪ್ರತಿ ಮಾಡಿಸಿ ಕೊಟ್ಟದ್ದು. ಕಪ್ಪು ಬಿಳುಪಿನಲ್ಲೂ ಎದ್ದು ಕಾಣುವ ತಿಳಿಬಣ್ಣದ ಕೂದಲಿನ, ಮುಖದ ತುಂಬ ಸಣ್ಣ ಮಚ್ಚೆಗಳ ಬಿಳಿ ಹುಡುಗ. ಅವನ ಕುಟುಂಬದ ಪರವಾಗಿ ಮಂಡ್ಯದ ಕಪ್ಪು ಮೀಸೆ ಎದೆಯುಬ್ಬಿಸಿ ನಡೆದು ಹೋಯಿತು. ನೂರು ಜನ ನೋಡಿದರು. ಒಬ್ಬರೂ ಕೇಳಲಿಲ್ಲ. ಕೇಳಿದರೆ ಎಲ್ಲಿ ತಪ್ಪಾಗುತ್ತದೋ ಅನ್ನುವುದು ಈ ದೇಶದ ಜನರ ದೊಡ್ಡ ಭಯ. ನನಗೋ ಮಾನ ಹೋದಂತಾಗಿ, ಗುರುತಿಲ್ಲದವಳ ಹಾಗೆ ಮರದ ಹಿಂದೆ ನಿಂತಿದ್ದೆ.

ನಾನು ಆ ಮನೆಯಲ್ಲಿದ್ದ ಐದನೇ ವರ್ಷದ ನವೆಂಬರಿನಲ್ಲಿ ಓನರ್ರು ಸಿಕ್ಕಿಬಿದ್ದರು. ಎಂಬತ್ತು ದಾಟಿದ ಒಬ್ಬಾಕೆ, ಕೆಂಪು ಉಣ್ಣೆ ಟೋಪಿ, ವಾಕರ್ ತಳ್ಳಿಕೊಂಡು ನೇರವಾಗಿ ಮೊದಲ ಸಾಲಿಗೆ ಬಂದರು. ಸ್ವಯಂಸೇವಕಿ ಖುಷಿಯಿಂದ, "ಓ, ನಿಮ್ಮ ಮನೆಯವರು ಆಗಲೇ ಬಂದಿದ್ದಾರೆ," ಎಂದು ಓನರ್ರನ್ನು ತೋರಿಸಿದಳು. ಆಕೆ ಓನರ್ರನ್ನು ಮೇಲಿಂದ ಕೆಳಗೆ ನೋಡಿದರು. ನೋಡಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

"ನೀವು ಯಾರು?"

"ಹುಡುಗನ ಕುಟುಂಬ," ಎಂದರು ಓನರ್ರು.

"ನಾನು ಅವನ ತಂಗಿ."

ಸುತ್ತಲಿದ್ದವರೆಲ್ಲ ಏಕಕಾಲಕ್ಕೆ ಆಕಾಶ ನೋಡತೊಡಗಿದರು. ನಾನು ಆ ವರ್ಷವೂ ಮರದ ಹಿಂದೆಯೇ ಇದ್ದೆ. ಆದರೆ ಓನರ್ರ ಮುಖ ನೋಡಿ ಹೋಗಲೇಬೇಕಾಯಿತು. ಕ್ಷಮೆ ಕೇಳುತ್ತಾರೆ ಅಂದುಕೊಂಡೆ. ಅವರು ಹೇಳಿದ್ದೇ ಬೇರೆ. "ಮೇಡಂ, ನಿಮ್ಮ ಅಣ್ಣ ವರ್ಷಕ್ಕೊಂದು ಸಲ ನಮ್ಮನೇಲಿ ಊಟ ಮಾಡ್ತಾರೆ. ಬಟ್ ಹಿ ಈಸ್ ನಾಟ್ ಈಟಿಂಗ್ ಪ್ರಾಪರ್ಲಿ."

ಆಕೆಯನ್ನು ಪಕ್ಕದ ಬೆಂಚಿಗೆ ಕೂರಿಸಿ, ಹತ್ತು ನಿಮಿಷ ಹೆಣಗಿ, ಫರ್ನೇಸಿನ ಹಿಂದಿನ ಫೋಟೋದಿಂದ ಹಿಡಿದು ಐದನೇ ಎಲೆಯ ತನಕ ಎಲ್ಲವನ್ನೂ ನಾನು ಹೇಳಿದೆ. ಓನರ್ರಿಗೆ ತಾಳ್ಮೆಯೇ ಇಲ್ಲ. "ಅವರಿಗೆ ಏನಿಷ್ಟ, ಅದೊಂದು ಹೇಳಿ ಮೇಡಂ. ನಾಟ್ ಎನಿಥಿಂಗ್ ಎಲ್ಸ್." ಆಕೆಯ ಮುಖ ಬಿಳಿಚಿತು. "ನಾನು ಆಗ ಎಂಟು ವರ್ಷದವಳು. ನನಗೆ ನೆನಪಿಲ್ಲ," ಎಂದು ಎದ್ದು, ಓನರ್ರ ಕೈಯಿಂದ ಹೂವಿನ ಚಕ್ರ ಕಿತ್ತುಕೊಂಡು, ತಾವೇ ಹೋಗಿ ಕಲ್ಲಿನ ಮುಂದೆ ಇಟ್ಟು, ಹಿಂತಿರುಗಿ ನೋಡದೆ ಹೊರಟುಹೋದರು.

ಒಂದು ತಿಂಗಳು ಓನರ್ರು ಮಂಕಾಗಿದ್ದರು. ನಾನು ಕಳಿಸಿದ ಸಾರಿಗೆ ಚೀಟಿ ಕೂಡ ಬರಲಿಲ್ಲ. ಕೊನೆಗೆ ಒಂದು ಶನಿವಾರ ಬೇಸ್‌ಮೆಂಟಿನ ಬಾಗಿಲು ತಟ್ಟಿದರು. ಕಂಕುಳಲ್ಲಿ ಫೋಟೋ, ಹೊಸ ಟವೆಲಿನಲ್ಲಿ ಸುತ್ತಿತ್ತು. "ನಡಿಯವ್ವ, ಕೊಟ್ಬುಟ್ಟು ಬರಾಣ. ಅವ್ರ ಹೈದ ಅವ್ರಿಗೆ ಸೇರ್ಬೇಕು. ನಾನು ಸುಳ್ಳು ಹೇಳಿವ್ನಿ." ಸ್ವಯಂಸೇವಕಿಯಿಂದ ಆಕೆಯ ವಿಳಾಸ ಪಡೆದಿದ್ದರು. ಪಶ್ಚಿಮದಿಂದ ವಾಪಸ್ಸು ಬಂದು, ಸರೋವರದ ಹತ್ತಿರ ವೃದ್ಧರ ವಸತಿಯೊಂದರಲ್ಲಿ ಇದ್ದರು ಆಕೆ. ಆಂಟಿ ದಾರಿಗೆ ಅಂತ ಒಂದು ಡಬ್ಬಿ ಚಕ್ಕುಲಿ ಕೊಟ್ಟರು. ದಾರಿ ಇದ್ದದ್ದು ಹನ್ನೆರಡು ನಿಮಿಷ.

ಆಕೆ ಟವೆಲ್ ಬಿಚ್ಚಿ ಫೋಟೋ ನೋಡಿದರು. ಕಿವಿಗಳ ಮೇಲೆ ಬೆರಳಾಡಿಸಿದರು. ಆಮೇಲೆ ಮತ್ತೆ ಸುತ್ತಿ ಓನರ್ರ ತೊಡೆಯ ಮೇಲಿಟ್ಟರು. "ಬೇಡ. ನನ್ನ ಕೋಣೆಯಲ್ಲಿಟ್ಟರೆ ಇವನು ದಿನವೂ ನನ್ನನ್ನೇ ನೋಡುತ್ತಾನೆ. ಅವತ್ತು ನೆನಪಿಲ್ಲ ಅಂದೆ. ಸುಳ್ಳು. ಚೆನ್ನಾಗಿ ನೆನಪಿದೆ."

ಸೆರೆಯಾಳುಗಳ ಕ್ಯಾಂಪಿನಿಂದ ಅಣ್ಣನ ಕೊನೆಯ ಕಾರ್ಡು ಬಂದಿತ್ತಂತೆ. ಇಲ್ಲಿ ತುಂಬಾ ಹಸಿವು, ಬೇರೇನೂ ಬೇಡ, ಚಿಕ್ಕಮ್ಮನ ತೋಟದ ಮೇಪಲ್ ಸಕ್ಕರೆ ಕಳಿಸಿ ಅಂತ ಬರೆದಿದ್ದ. ಮೇಪಲ್ ಮರದ ರಸವನ್ನು ಕಾಯಿಸಿ, ಗಟ್ಟಿಯಾದ ಮೇಲೆ ಎಲೆಯಾಕಾರದ ಅಚ್ಚಿಗೆ ಹೊಯ್ದು ಮಾಡುವ ಸಕ್ಕರೆ ಅದು. ಯುದ್ಧದ ಕಾಲ, ಸಿಹಿಗೆ ಬರ. ತಾಯಿ ಹೇಗೋ ಒಂದು ಸಣ್ಣ ತಗಡಿನ ಡಬ್ಬಿ ಹೊಂದಿಸಿ, ಪಾರ್ಸೆಲ್ಲಿಗೆ ಅಂತ ಕಪಾಟಿನಲ್ಲಿಟ್ಟಿದ್ದಳು. "ಮೊದಲನೇ ದಿನ ಒಂದು ತಿಂದೆ. ಒಂದೇ ಅಂದುಕೊಂಡೆ. ಪಾರ್ಸೆಲ್ ಕಟ್ಟುವ ದಿನದ ಹೊತ್ತಿಗೆ ಡಬ್ಬಿ ಖಾಲಿ. ಅಲ್ಲಾಡಿಸಿದರೆ ಅಮ್ಮನಿಗೆ ಗೊತ್ತಾಗುತ್ತದಲ್ಲ, ಅದಕ್ಕೆ ಅವಳ ಹೊಲಿಗೆ ಪೆಟ್ಟಿಗೆಯಿಂದ ಅಂಗಿ ಗುಂಡಿಗಳನ್ನು ತೆಗೆದು ತುಂಬಿದೆ." ಆಕೆ ನಮ್ಮಿಬ್ಬರನ್ನೂ ನೋಡದೆ ಕಿಟಕಿಯ ಕಡೆ ನೋಡುತ್ತಾ ಹೇಳುತ್ತಿದ್ದರು. "ಫೆಬ್ರವರಿಯಲ್ಲಿ ಅವನು ಸತ್ತ. ಪಾರ್ಸೆಲ್ ಅವನಿಗೆ ತಲುಪಿತೋ ಇಲ್ಲವೋ ಗೊತ್ತಿಲ್ಲ. ತಲುಪದೇ ಇರಲಿ ಅಂತ ಈಗಲೂ ಬೇಡಿಕೊಳ್ಳುತ್ತೇನೆ. ಅಮ್ಮನಿಗೆ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ."

ಹಸಿದ ಹುಡುಗನೊಬ್ಬ ಡಬ್ಬಿ ತೆರೆದು ಗುಂಡಿಗಳನ್ನು ನೋಡುತ್ತಿರುವುದು ಕಣ್ಣಿಗೆ ಕಟ್ಟಿತು. ಓನರ್ರು ತಮ್ಮ ಇನ್‌ಸ್ಪೆಕ್ಟರ್ ಗಂಟಲಿನಲ್ಲಿ ಹೇಳಿದರು. "ಮೇಡಂ, ಎಂಟು ವರ್ಷದ ಮಗು. ದಿಸ್ ಈಸ್ ನಾಟ್ ರಿಜೆಕ್ಟ್. ದಿಸ್ ಈಸ್ ರೀವರ್ಕ್."

ಆಕೆಗೆ ಅರ್ಥವಾಗಲಿಲ್ಲ. ಓನರ್ರಿಗೆ ಮಾತ್ರ ಆಗತಾನೆ ಇನ್ನೊಂದು ಅರ್ಥವಾಗಿ, ಹಣೆ ಹಣೆ ಚಚ್ಚಿಕೊಂಡು ಎದ್ದು ನಿಂತರು. "ಅಯ್ಯೋ ನನ್ ಬುದ್ಧಿಗಿಷ್ಟು! ಅಚ್ಚು ಬೆಲ್ಲ ಕಣವ್ವ! ಹೈದ ಕೇಳಿದ್ದು ಬೆಲ್ಲ! ನಾನು ಮಂಡ್ಯದೋನು, ಆಲೆಮನೆ ಹೊಗೇಲಿ ಬೆಳ್ದೋನು, ಇಷ್ಟು ವರ್ಷ ಅವ್ನಿಗೆ ಡೋನಟ್ ಇಟ್ಟೆ! ಕೆಚಪ್ ಚಿಪ್ಸ್ ಇಟ್ಟೆ!" ಆಮೇಲೆ ಆಕೆಯ ಕಡೆ ತಿರುಗಿ, "ಮೇಡಂ, ದಟ್ ಈಸ್ ಜಾಗರಿ! ವಿ ಆರ್ ಜಾಗರಿ ಪೀಪಲ್!" ಎಂದು ಕೂಗಿದರು. ನರ್ಸು ಓಡಿಬಂದಳು. ಹೈದನ ತಂಗಿ ಮೊದಲು ಗಾಬರಿಯಾಗಿ, ಆಮೇಲೆ ನಗತೊಡಗಿ, ನಗುತ್ತಾ ನಗುತ್ತಾ ಅತ್ತುಬಿಟ್ಟರು. ಚಕ್ಕುಲಿ ಡಬ್ಬಿಯನ್ನು ಮೂವರೂ ಸೇರಿ ಖಾಲಿ ಮಾಡಿದೆವು.

ಮುಂದಿನ ಪಿತೃಪಕ್ಷಕ್ಕೆ ಓನರ್ರು ಆಕೆಯನ್ನು ಕರೆದರು. ನಾನು ಕಾರಿನಲ್ಲಿ ಕರೆತಂದೆ. ಆಕೆಯ ಕೈಚೀಲದಲ್ಲಿ ಒಂದು ತಗಡಿನ ಡಬ್ಬಿ, ತುಂಬಾ ಮೇಪಲ್ ಸಕ್ಕರೆಯ ಎಲೆಗಳು. ದಾರಿಯುದ್ದಕ್ಕೂ ಎರಡು ಸಲ ತೆರೆದು ನೋಡಿಕೊಂಡರು. ಹುಟ್ಟಿ ಬೆಳೆದ ಮನೆಯೊಳಗೆ ಕಾಲಿಟ್ಟು, ಗೋಡೆಗಳನ್ನು ಮುಟ್ಟಿ, ಫೋಟೋ ಸಾಲಿನ ಮುಂದೆ ನಿಂತು ಕೇಳಿದರು, ಅಣ್ಣನ ಪಕ್ಕ ಕೂತ ಈ ಸಜ್ಜನ ಯಾರು ಅಂತ. ತಮ್ಮ ಚಿಕ್ಕಪ್ಪ, ರೈಲ್ವೆಯವರು, ದುಭಾಷಿ ಎಂದು ಓನರ್ರು ವಿವರಿಸಿದರು. "ಇಬ್ಬರಿಗೂ ಹೊಂದಿಕೆ ಆಗಿದೆಯಾ?" ಎಂದು ಆಕೆ ಕೇಳಿದರು. "ಚಿಕ್ಕಪ್ಪ ಸ್ವಲ್ಪ ಕುಡಿತಾರೆ, ಬಟ್ ಗುಡ್ ಮ್ಯಾನ್," ಎಂದರು ಓನರ್ರು. ಆಕೆ ತೃಪ್ತಿಯಿಂದ ತಲೆಯಾಡಿಸಿದರು. ಆಂಟಿ ಆಕೆಯ ಕೈಹಿಡಿದು ಐದನೇ ಎಲೆಯ ಬಳಿ ಕುರ್ಚಿ ಹಾಕಿಸಿ ಕೂರಿಸಿದರು. ಆಕೆ ಡಬ್ಬಿಯಿಂದ ಒಂದೊಂದೇ ಎತ್ತಿ ಬಾಳೆಲೆಯ ಮೇಲೆ ಇಟ್ಟರು, ಡಬ್ಬಿ ಬರಿದಾಗುವ ತನಕ.

ಸಾಂಬ್ರಾಣಿ ಹಾಕಿದ್ದಾಯಿತು. ಬ್ಯಾಟರಿ ತೆಗೆದದ್ದಾಯಿತು. ಎಲ್ಲರೂ ಹೊರಗೆ ಎಂದು ಓನರ್ರು ಘೋಷಿಸಿದರು. ಆಕೆ ಏಳಲಿಲ್ಲ.

"ನಾನು ಇಲ್ಲೇ ಇರುತ್ತೇನೆ," ಎಂದರು.

ಓನರ್ರಿಗೆ ಧರ್ಮಸಂಕಟ. ಬದುಕಿರುವವರು ಒಳಗಿದ್ದರೆ ಸತ್ತವರು ಬರುವುದಿಲ್ಲ. ಇಷ್ಟು ವರ್ಷಕ್ಕೆ ಒಂದು ಸಲ ಹೈದ ಬಾಯಿಗಿಡುವ ಕಾಲ ಬಂದಾಗ ನಿಯಮ ಮುರಿದರೆ ಹೇಗೆ? ಕನ್ನಡದಲ್ಲಿ ಅಷ್ಟು, ಇಂಗ್ಲಿಷಿನಲ್ಲಿ ಇಷ್ಟು ಗೊಣಗಿದರು. ಆಂಟಿ ಅವರ ತೋಳು ಹಿಡಿದೆಳೆದರು. "ತಂಗಿ ಕಣ್ರೀ ಅವ್ಳು. ತಂಗಿ ಮುಂದೆ ಉಣ್ಣಾಕೆ ಅಣ್ಣಂಗೆ ಏನ್ ನಾಚ್ಕೆ? ಬನ್ನಿ ಆಚ್ಗೆ."

ಡ್ರೈವ್‌ವೇಯಲ್ಲಿ ನಿಂತೆವು. ಅಕ್ಟೋಬರಿನ ಗಾಳಿ ಚುರುಕಾಗಿತ್ತು, ನಾನು ಸ್ವೆಟರ್ ಒಳಗೇ ಬಿಟ್ಟು ಬಂದಿದ್ದೆ. ನಾಯಿ ಹಿಡಿದ ನೆರೆಯವರು ಬಂದು, ಬೀಗದ ಕೈ ಒಳಗೇ ಉಳಿಯಿತಾ ಎಂದು ಕೇಳಿದರು. ಓನರ್ರು ಗಡಿಯಾರವನ್ನೇ ನೋಡುತ್ತಿದ್ದರು. ತುಟಿ ಏನೋ ಪಿಟಿಪಿಟಿ ಅನ್ನುತ್ತಿತ್ತು. ಮನುಷ್ಯ ನಿಜಕ್ಕೂ ಹೆದರಿದ್ದರು. ಈ ಸಲವೂ ಮುಟ್ಟಿಲ್ಲ ಅಂತ ಆಕೆಯ ಎದುರು ಹೇಳಬೇಕಾದರೆ? ಸುಳ್ಳು ಪಾಸು ಕೊಟ್ಟು ಅವರಿಗೆ ಅಭ್ಯಾಸವಿರಲಿಲ್ಲ.

ಹತ್ತು ನಿಮಿಷವಾಯಿತು. ಓನರ್ರು ಮೆಟ್ಟಿಲು ಹತ್ತಿ, ಮೂರು ಸಲ ಚಪ್ಪಾಳೆ ತಟ್ಟಿ, ಬಾಗಿಲಿನ ಹಿಡಿಗೆ ಕೈ ಹಾಕಿದರು.

"ಇನ್ನೂ ಇಲ್ಲ!" ಒಳಗಿನಿಂದ ಆಕೆಯ ದನಿ ಬಂತು, ಇಂಗ್ಲಿಷಿನಲ್ಲಿ, ಖಡಕ್ಕಾಗಿ. "ಬಾಗಿಲು ಹಾಕಿ. ಅವನಿನ್ನೂ ತಿನ್ನುತ್ತಿದ್ದಾನೆ."

ಓನರ್ರು ಬೆಂಕಿ ಮುಟ್ಟಿದವರಂತೆ ಕೈ ತೆಗೆದರು. ತುದಿಗಾಲಲ್ಲಿ ಮೆಟ್ಟಿಲಿಳಿದು ನಮ್ಮ ಹತ್ತಿರ ಬಂದರು. ಕಣ್ಣಿನಿಂದ ನೀರು ಮೀಸೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಉಣ್ತಾವ್ನಂತೆ," ಎಂದರು ಪಿಸುದನಿಯಲ್ಲಿ. "ಯಾರೂ ಸದ್ದು ಮಾಡ್ಬ್ಯಾಡಿ. ನಿಧಾನಕ್ಕೆ ಉಣ್ಲಿ."